ಹಂಪೆಯಲ್ಲೊಂದು ತಲೆಕೆಳಗಾದ ಗೋಪುರ

ಹಂಪೆಗೆ ಹೊರಡುವ ಮುನ್ನ ನಮ್ಮ ಮನೆಯಲ್ಲಿ ಒಂದು ವಾರ ಕಾಲ ನಡೆದ ಚರ್ಚೆ ಹಂಪೆಯನ್ನು ಕುರಿತದ್ದಲ್ಲ, ಕ್ಯಾಮರಾವನ್ನು ಕುರಿತದ್ದು. ಕಾಲೇಜಿನಲ್ಲಿ ಓದುತ್ತಿರುವ ಮಗಳಿಗೆ ಛಾಯಾಗ್ರಹಣದ ಹುಚ್ಚು ಹಿಡಿದಿದೆ. ಅವಳು ಬರೆದು ತಂದ ಪಟ್ಟಿಯಲ್ಲಿ ಒಂದು ದೊಡ್ಡ ಕ್ಯಾಮರಾ, ಮೂರು ಲೆನ್ಸುಗಳು, ಒಂದು ಸ್ಟ್ಯಾಂಡು, ಇವನ್ನೆಲ್ಲ ತುಂಬಿಕೊಳ್ಳಲು ಒಂದು ಚೀಲ ಇದ್ದವು. ಒಟ್ಟು ಬೆಲೆಯನ್ನು ಮಾತ್ರ ಕೊನೆಯಲ್ಲಿ ಬಹಳ ಸಣ್ಣ ಅಕ್ಷರಗಳಲ್ಲಿ ಬರೆದಿದ್ದಳು. ಅದನ್ನು ಓದಿದ ನನ್ನಾಕೆ ಕನ್ನಡಕವನ್ನು ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದಳು. ಕಡೆಗೆ ಒಂದು ಒಪ್ಪಂದವಾಯಿತು. ಗೆಳೆಯರೊಬ್ಬರಿಂದ ಒಂದು ಸಾಧಾರಣ ಕ್ಯಾಮರಾವನ್ನು ಕೈಗಡ ತರುವುದು. ಮೂರು ದಿನ ಅದರಿಂದಲೇ ಚಿತ್ರ ತೆಗೆಯುವುದು. ಏನು ಬೇಕು, ಏನು ಬೇಡ ಎಂಬುದನ್ನು ಊರಿಗೆ ಮರಳಿದ ಮೇಲೆ ತೀರ್ಮಾನಿಸುವುದು.

"ನಾನೂ ಬರುತ್ತೇನೆ ಕಣೋ" ಎಂದಳು ಅಮ್ಮ.

ಅಮ್ಮನಿಗೆ ಎಂಬತ್ತು ತುಂಬಿದೆ. ಮೊಣಕಾಲು ನೋವು ಬೇರೆ. "ಬಿಸಿಲು, ಕಲ್ಲು, ಮೆಟ್ಟಿಲು, ನಿನಗೇಕಮ್ಮ ಈ ಆಯಾಸ?" ಎಂದೆ. ಅವಳು ಉತ್ತರ ಕೊಡದೆ ತನ್ನ ಸೀರೆಗಳನ್ನು ಮಡಿಸತೊಡಗಿದಳು. ಏಕೆ ಬರುತ್ತಾಳೆಂಬುದು ನನಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ.

1991ರ ಡಿಸೆಂಬರಿನಲ್ಲಿ ತಂದೆಯವರು, ಅಮ್ಮ ಮತ್ತು ನಾನು ಹಂಪೆಗೆ ಹೋಗಿದ್ದೆವು. ನನ್ನ ಮೊದಲ ಸಂಬಳದಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಕೊಂಡಿದ್ದ ಯಾಶಿಕಾ ಎಲೆಕ್ಟ್ರೋ 35 ಕೊರಳಲ್ಲಿ ತೂಗುತ್ತಿತ್ತು. ಫಿಲ್ಮಿಗೆ ಖರ್ಚು ಎಂದರೆ ಎರಡು ಸಲ ಯೋಚಿಸುತ್ತಿದ್ದ ಕಾಲ. ತಂದೆಯವರನ್ನು ಕಲ್ಲಿನ ರಥದ ಮುಂದೆ, ಬಜಾರಿನ ಮಂಟಪದ ಚಹದಂಗಡಿಯಲ್ಲಿ, ತುಂಗಭದ್ರೆಯ ಹರಿಗೋಲಿನಲ್ಲಿ ನಿಲ್ಲಿಸಿ, ಕೂರಿಸಿ ತೆಗೆದೆ. ಮೂವತ್ತಾರು ಚಿತ್ರಗಳು ಮುಗಿದರೂ ಸನ್ನೆ ಸರಾಗವಾಗಿ ತಿರುಗುತ್ತಲೇ ಇತ್ತು. ಒಂದೆರಡು ಹೆಚ್ಚಾಗಿಯೇ ಬರುತ್ತಿವೆ ಎಂದು ಬೀಗಿದೆ. ಊರಿಗೆ ಬಂದು ತೊಳೆಸಲು ಕೊಟ್ಟಾಗ ಸ್ಟುಡಿಯೋದವರು ಗಾಜಿನಂತೆ ತಿಳಿಯಾದ ಫಿಲ್ಮನ್ನು ಕೈಗಿತ್ತರು. ಫಿಲ್ಮಿನ ತುದಿ ಒಳಗಿನ ಉರುಳೆಗೆ ಸಿಕ್ಕಿಕೊಂಡೇ ಇರಲಿಲ್ಲ. ಅದು ತನ್ನ ಡಬ್ಬಿಯಲ್ಲೇ ಹಾಯಾಗಿ ಮಲಗಿತ್ತು. ಸನ್ನೆ ತಿರುಗಿಸಿದಾಗಲೆಲ್ಲ ಎಡಗಡೆಯ ಸುತ್ತುಗುಂಡಿಯೂ ತಿರುಗುತ್ತಿದೆಯೇ ಎಂದು ನೋಡಿದ್ದರೆ ತಿಳಿಯುತ್ತಿತ್ತು. ಆ ಪಾಠವನ್ನು ನಾನು ಕಲಿತದ್ದು ತಡವಾಗಿ. ತಂದೆಯವರು ಮುಂದಿನ ಯುಗಾದಿಯನ್ನು ನೋಡಲಿಲ್ಲ. ಅಮ್ಮ ಆ ಫಿಲ್ಮಿನ ಮಾತನ್ನು ಒಂದು ದಿನವೂ ಎತ್ತಿದವಳಲ್ಲ.

ಹೊಸಪೇಟೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಸುಮಾರು 12 ಕಿಲೋಮೀಟರಿನ ಹಾದಿಯನ್ನು ಕ್ರಮಿಸಿ ಹಂಪೆಯನ್ನು ಸೇರಿದೆವು. ಬೆಟ್ಟಗಳೆಂದರೆ ಬಂಡೆಯ ಮೇಲೆ ಬಂಡೆ. ಯಾರೋ ಜೋಡಿಸಿಡುತ್ತ ಅರ್ಧಕ್ಕೆ ಬೇಸತ್ತು ಎದ್ದು ಹೋದಂತೆ ಕಾಣುವ ಈ ಬಂಡೆಗಳ ನಡುವೆ ಎರಡು ಶತಮಾನಗಳಿಗೂ ಮೀರಿ ಒಂದು ಸಾಮ್ರಾಜ್ಯದ ರಾಜಧಾನಿ ಮೆರೆಯಿತು. 1565ರ ಯುದ್ಧದ ತರುವಾಯ ಹಾಳಾಯಿತು. 1986ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಮಾನ್ಯ ಮಾಡಿತು. ಇಷ್ಟನ್ನು ವಾಚಕರು ಶಾಲೆಯ ಪುಸ್ತಕಗಳಲ್ಲೇ ಓದಿರುವುದರಿಂದ ಚರಿತ್ರೆಯನ್ನು ಇಲ್ಲಿ ಬೆಳೆಸುವುದಿಲ್ಲ.

ಮರುದಿನ ಇನ್ನೂ ಕತ್ತಲಿರುವಾಗಲೇ ಮಗಳೂ ನಾನೂ ಮತಂಗ ಪರ್ವತವನ್ನು ಹತ್ತಿದೆವು. ಮೇಲೆ ಆಗಲೇ ಹತ್ತಾರು ಜನ ಸೂರ್ಯನಿಗಾಗಿ ಕಾಯುತ್ತಿದ್ದರು. ಸೂರ್ಯ ಮೂಡಿದೊಡನೆ ಎಲ್ಲರ ಕ್ಯಾಮರಾಗಳೂ ಮೊಬೈಲುಗಳೂ ಅವನ ಕಡೆಗೇ ತಿರುಗಿದವು. ನಾನು ಮಗಳ ಭುಜ ತಟ್ಟಿ ಪಶ್ಚಿಮಕ್ಕೆ ತಿರುಗಿಸಿದೆ. ಅಲ್ಲಿ ವಿರೂಪಾಕ್ಷನ ಗೋಪುರ ಮೊದಲ ಬಿಸಿಲನ್ನು ಮೈಮೇಲೆ ಹೊದ್ದು ನಿಂತಿತ್ತು; ಬಂಡೆಗಳ ಒಂದು ಮಗ್ಗುಲು ಚಿನ್ನ, ಇನ್ನೊಂದು ಮಗ್ಗುಲು ನೀಲಿ. ಈ ಬಣ್ಣ ಉಳಿಯುವುದು ಸ್ವಲ್ಪ ಹೊತ್ತು ಮಾತ್ರ. ಸೂರ್ಯ ಮೇಲೇರಿದಂತೆ ನೆರಳುಗಳು ಕುಗ್ಗಿ, ನಡುಹಗಲಿನ ಹೊತ್ತಿಗೆ ಹಂಪೆಯೆಲ್ಲ ಚಪ್ಪಟೆಯಾಗಿ ಬೆಳ್ಳಗೆ ಕಾಣುತ್ತದೆ. ಆಗ ಎಷ್ಟು ಬೆಲೆಯ ಕ್ಯಾಮರಾ ಇದ್ದರೂ ನೆರಳಿನಲ್ಲಿ ಕುಳಿತು ಎಳನೀರು ಕುಡಿಯುವುದೇ ಲೇಸು.

ಅಲ್ಲಿಯೇ ಕೈಗಡದ ಕ್ಯಾಮರಾದ ಮೊದಲ ಕೊರತೆ ತಿಳಿಯಿತು. ಅದರ ಲೆನ್ಸಿನಲ್ಲಿ ಎಷ್ಟು ಹತ್ತಿರಕ್ಕೆ ಎಳೆದರೂ ಆ ಮಹಾಗೋಪುರ ಬೆಂಕಿಕಡ್ಡಿಯಷ್ಟೇ ಕಂಡಿತು. "ನೋಡಿದೆಯಾ ಅಪ್ಪ? ದೂರದ ಲೆನ್ಸು ಬೇಕೇ ಬೇಕು" ಎಂದಳು ಮಗಳು. ನಾನು ಸುಮ್ಮನಾದೆ. ಅವಳ ಮಾತು ನಿಜವೇ ಆಗಿತ್ತು.

ಮಹಾನವಮಿ ದಿಬ್ಬದ ಉಬ್ಬುಚಿತ್ರಗಳ ಮುಂದೆ ಅವಳಿಗೆ ಬೇರೆಯ ಬಗೆಯ ಬೇಸರ. ಆನೆಗಳ ಸಾಲು, ಕುದುರೆ, ಒಂಟೆ, ಬೇಟೆ, ಕುಣಿತ ಎಲ್ಲವೂ ಕಣ್ಣಿಗೆ ಕಾಣುತ್ತಿದ್ದರೂ ಚಿತ್ರದಲ್ಲಿ ಬರಿಯ ಕಲ್ಲಿನ ಗೋಡೆ ಬರುತ್ತಿತ್ತು. ಬಿಸಿಲು ನೇರವಾಗಿ ಎದುರಿನಿಂದ ಬೀಳುತ್ತಿದ್ದುದೇ ಕಾರಣ. ನಾವು ದಿಬ್ಬವನ್ನು ಬಳಸಿ, ಬೆಳಕು ಕಲ್ಲನ್ನು ಸವರಿಕೊಂಡು ಓರೆಯಾಗಿ ಹಾಯುವ ಮಗ್ಗುಲಿಗೆ ಹೋದೆವು. ಅರ್ಧ ಅಂಗುಲದ ಉಬ್ಬೂ ನೆರಳು ಚೆಲ್ಲುತ್ತಿತ್ತು, ಕುದುರೆಗಳು ನಡೆಯತೊಡಗಿದವು. ಮತ್ತೊಂದು ಸೂಕ್ಷ್ಮವೂ ಇಲ್ಲಿಯೇ ತಿಳಿಯಿತು. ಕ್ಯಾಮರಾದೊಳಗಿನ ಬೆಳಕಿನ ಮಾಪಕ ತಾನು ಕಂಡದ್ದನ್ನೆಲ್ಲ ನಡುವಣ ಬೂದುಬಣ್ಣವೆಂದೇ ಭಾವಿಸುತ್ತದೆ. ಬಿಸಿಲಿಗೆ ಹೊಳೆಯುವ ಬಿಳಿಬಂಡೆಯನ್ನು ತೋರಿಸಿದರೆ ಬೆಳಕನ್ನು ತಗ್ಗಿಸಿ ಅದನ್ನು ಮಂಕಾಗಿಸುತ್ತದೆ. ಗಜಶಾಲೆಯ ಕತ್ತಲೆಯ ಕಮಾನನ್ನು ತೋರಿಸಿದರೆ ಬೆಳಕನ್ನು ಹೆಚ್ಚಿಸಿ ಕತ್ತಲೆಯನ್ನೇ ಕೆಡಿಸುತ್ತದೆ. ಬಂಡೆಗೆ ತುಸು ಹೆಚ್ಚು, ಕತ್ತಲೆಗೆ ತುಸು ಕಡಿಮೆ ಎಂದು ನಾವೇ ತಿದ್ದಬೇಕು. ಮಾಪಕವಿಲ್ಲದ ಹಳೆಯ ಕ್ಯಾಮರಾಗಳವರು ಒಂದು ಸೂತ್ರವನ್ನು ಬಾಯಿಪಾಠ ಮಾಡಿರುತ್ತಿದ್ದರು. ಒಳ್ಳೆಯ ಬಿಸಿಲಿಗೆ ಲೆನ್ಸಿನ ಕಿಂಡಿ ಎಫ್ 16. ಫಿಲ್ಮಿನ ವೇಗ 125 ಆದರೆ ಷಟರ್ ಸೆಕೆಂಡಿನ 125ನೆಯ ಒಂದು ಭಾಗ. ಇಂದಿಗೂ ಅದು ತಪ್ಪುವುದಿಲ್ಲ.

ವಿಠ್ಠಲ ದೇವಾಲಯಕ್ಕೆ ಅಮ್ಮನನ್ನು ಬ್ಯಾಟರಿ ಗಾಡಿಯಲ್ಲಿ ಕರೆದೊಯ್ದೆವು. ಕಲ್ಲಿನ ರಥದ ಸುತ್ತ ಸಂತೆ ನೆರೆದಿತ್ತು. 2017ರಲ್ಲಿ ಹೊರಬಂದ ಐವತ್ತು ರೂಪಾಯಿ ನೋಟನ್ನು ರಥದೆದುರು ಹಿಡಿದು ಚಿತ್ರ ತೆಗೆಯುವುದು ಅಲ್ಲಿ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಈ ರಥದ ವಿಷಯದಲ್ಲಿ ನನಗೆ ಅಚ್ಚರಿ ತರುವ ಚಿತ್ರ ಬೇರೊಂದುಂಟು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ದೊಡ್ಡ ಮರದ ಕ್ಯಾಮರಾವನ್ನು ಹಂಪೆಗೆ ತಂದು, ಮೇಣ ಲೇಪಿಸಿದ ಕಾಗದದ ಮೇಲೆ ಸುಮಾರು 16 ಅಂಗುಲಕ್ಕೆ 18 ಅಂಗುಲದ ನೆಗೆಟಿವ್‌ಗಳನ್ನು ತಯಾರಿಸಿದನು. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬೇಕಾಗಿದ್ದ ಕಾಲವದು. ಅವನ ಚಿತ್ರದಲ್ಲಿ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದಿದೆ! ಇಂದು ಅದರ ಕುರುಹೂ ಇಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದನು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ರಥದ ಮುಂದೆ ಅಮ್ಮನನ್ನು ನಿಲ್ಲಿಸಿ ಒಂದು ಚಿತ್ರ ತೆಗೆಯಬೇಕೆಂಬುದು ನನ್ನ ಮನಸ್ಸಿನಲ್ಲಿತ್ತು. ಅವಳು ಒಪ್ಪಲಿಲ್ಲ. "ಅವರು ನಿಂತಿದ್ದು ಅಲ್ಲಿ, ಆ ಚಕ್ರದ ಪಕ್ಕ. ನಾನು ಒಬ್ಬಳೇ ಅಲ್ಲಿ ಹೋಗಿ ನಿಲ್ಲುವುದು ಬೇಡ" ಎಂದು ನೆರಳಿಗೆ ಸರಿದಳು. ಮಧ್ಯಾಹ್ನ ವಿರೂಪಾಕ್ಷ ಬಜಾರಿನ ಬೀದಿಯಲ್ಲಿ ನಡೆಯುವಾಗ ಆ ಚಹದಂಗಡಿಯನ್ನು ಹುಡುಕಿದಳು. ಮಂಟಪಗಳಲ್ಲಿದ್ದ ಅಂಗಡಿ-ಮನೆಗಳನ್ನು 2011ರಲ್ಲಿ ತೆರವು ಮಾಡಿಸಿದರೆಂದೂ, ಈಗ ಬರಿಯ ಕಲ್ಲುಕಂಬಗಳು ಉಳಿದಿವೆಯೆಂದೂ ಹೇಳಿದೆ. ಅಮ್ಮ ಒಂದು ಮಂಟಪದೆದುರು ಕೊಂಚ ಹೊತ್ತು ನಿಂತು, "ಇದೇ ಇರಬೇಕು" ಎಂದಳು. ಇದೋ, ಪಕ್ಕದ್ದೋ ಹೇಳಲು ನನ್ನಲ್ಲಿ ಏನೂ ಸಾಕ್ಷಿಯಿರಲಿಲ್ಲ. ಸಾಕ್ಷಿಯಾಗಬೇಕಾಗಿದ್ದ ಫಿಲ್ಮು ತಿಳಿಯಾದ ಗಾಜಿನಂತೆ ಬಂದಿತ್ತಲ್ಲ!

ಮೂರನೆಯ ದಿನ ಬೆಳಿಗ್ಗೆ ವಿರೂಪಾಕ್ಷನ ದರ್ಶನಕ್ಕೆ ಹೋದೆವು. ಒಂಬತ್ತು ಅಂತಸ್ತಿನ ಆ ಗೋಪುರದ ಎತ್ತರ ಸುಮಾರು 50 ಮೀಟರು. ಹತ್ತಿರ ನಿಂತು ಕ್ಯಾಮರಾವನ್ನು ಮೇಲೆತ್ತಿ ತೆಗೆದರೆ ಅದು ಹಿಂದಕ್ಕೆ ಬಿದ್ದುಹೋಗುವಂತೆ ಕಾಣುತ್ತದೆ. ಬೀದಿಯಲ್ಲಿ ಬಹುದೂರ ಹಿಂದೆ ಸರಿದು, ಕ್ಯಾಮರಾವನ್ನು ಮಟ್ಟಸವಾಗಿ ಹಿಡಿದರೆ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಆದರೆ ಅಂದು ನಾವು ನೋಡಬೇಕಾಗಿದ್ದ ಗೋಪುರ ಒಳಗಿತ್ತು.

ದೇವಾಲಯದ ಹಿಂಭಾಗದಲ್ಲಿ, ಕೆಲವು ಮೆಟ್ಟಿಲೇರಿದರೆ ಒಂದು ಕತ್ತಲೆಯ ಕೋಣೆ. ಪೂರ್ವದ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಎದುರು ಗೋಡೆಯ ಮೇಲೆ ಗೋಪುರ ತಲೆಕೆಳಗಾಗಿ ಮೂಡಿರುತ್ತದೆ. ಅದು ಯಾವ ಮಾಟವೂ ಅಲ್ಲ. ಬೆಳಕು ನೇರವಾಗಿ ಚಲಿಸುವುದರಿಂದ ಗೋಪುರದ ತುದಿಯಿಂದ ಹೊರಟದ್ದು ಕಿಂಡಿಯ ಮೂಲಕ ಹಾದು ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಹೋಗುತ್ತದೆ. ಜಗತ್ತಿನ ಎಲ್ಲ ಕ್ಯಾಮರಾಗಳೂ ಮಾಡುವುದು ಇಷ್ಟನ್ನೇ. ಕ್ಯಾಮರಾ ಎಂಬ ಪದಕ್ಕೆ ಮೂಲದಲ್ಲಿ ಕೋಣೆಯೆಂದೇ ಅರ್ಥ.

"ಕಿಂಡಿಯನ್ನು ದೊಡ್ಡದು ಮಾಡಿದರೆ ಇನ್ನೂ ಬೆಳಗುತ್ತದಲ್ಲವೆ?" ಎಂದಳು ನನ್ನಾಕೆ. ಬೆಳಗುತ್ತದೆ, ಆದರೆ ಚಿತ್ರ ಕಲಸಿಹೋಗುತ್ತದೆ. ಚಿಕ್ಕದಾದರೆ ಸ್ಪಷ್ಟ, ಆದರೆ ಮಂಕು. ದೊಡ್ಡ ಕಿಂಡಿಯಿಂದ ಬಂದ ಬೆಳಕನ್ನೂ ಒಂದು ಬಿಂದುವಿಗೆ ಕೂಡಿಸುವುದಕ್ಕಾಗಿಯೇ ಗಾಜಿನ ಮಸೂರ ಬಂದದ್ದು. 50 ಮಿಲಿಮೀಟರಿನ ಲೆನ್ಸಿಗೆ 25 ಮಿಲಿಮೀಟರಿನ ಕಿಂಡಿಯಿದ್ದರೆ ಅದು ಎಫ್ 2. ಆರೂಕಾಲು ಮಿಲಿಮೀಟರಾದರೆ ಎಫ್ 8. ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು, ಗಾಜು ದೊಡ್ಡದು, ಬೆಲೆಯೂ ದೊಡ್ಡದು. ಅಂಗಡಿಯವರು ಇದನ್ನು ಇಷ್ಟು ಸುಲಭವಾಗಿ ಹೇಳುವುದಿಲ್ಲ.

ಅಷ್ಟರಲ್ಲಿ ಅಮ್ಮ ಗೋಡೆಯ ಹತ್ತಿರ ಹೋಗಿ ತಿರುಗಿ ನಿಂತಿದ್ದಳು. ಅವಳ ಬಿಳಿಯ ಸೆರಗಿನ ಮೇಲೆ ಗೋಪುರ ತಲೆಕೆಳಗಾಗಿ ಬಿದ್ದಿತ್ತು. ಹಿಂದಿನ ಆಕಾಶ ಬೆಳಗಾಗಿ, ಗೋಪುರ ಕಪ್ಪಾಗಿ. "ಅಜ್ಜಿ, ಅಲುಗಾಡಬೇಡಿ!" ಎಂದು ಮಗಳು ಕೂಗಿದಳು. ಸಂರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡನ್ನು ಬಳಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ನಮ್ಮಲ್ಲಿ ಸ್ಟ್ಯಾಂಡೂ ಇರಲಿಲ್ಲ, ಅನುಮತಿಯೂ ಇರಲಿಲ್ಲ. ಟವೆಲನ್ನು ಮಡಿಸಿ ಕಲ್ಲಿನ ಅಂಚಿನ ಮೇಲಿಟ್ಟು, ಅದರ ಮೇಲೆ ಕ್ಯಾಮರಾವನ್ನು ಕೂರಿಸಿದಳು. ಗೆಳೆಯರು ಚೀಲದಲ್ಲಿ ಹಾಕಿಕೊಟ್ಟಿದ್ದ, 35 ಮಿಲಿಮೀಟರಿನ ಪುಟ್ಟ ಲೆನ್ಸು; ಕಿಂಡಿ ಎಫ್ 2; ಸಂವೇದನೆ 1600; ಬೆಳಕು ಎರಡು ಸೆಕೆಂಡು. ಬೆರಳಿನ ನಡುಕ ತಗಲದಿರಲೆಂದು, ಗುಂಡಿ ಒತ್ತಿದ ಮೇಲೆ ತಾನಾಗಿ ತೆರೆಯುವ ಏರ್ಪಾಡನ್ನೂ ಮಾಡಿದಳು.

ಎರಡು ಸೆಕೆಂಡು ಬಹಳ ದೀರ್ಘ. ಅಮ್ಮ ಉಸಿರು ಹಿಡಿದು ಕಲ್ಲಿನಂತೆ ನಿಂತಳು. ಕಟಕ್ ಎಂಬ ಸದ್ದಾಯಿತು. "ಬಂತೇನೋ?" ಎಂದು ಅವಳು ಕೇಳಿದ್ದು ಮೊಮ್ಮಗಳನ್ನಲ್ಲ, ನನ್ನನ್ನು. ಕ್ಯಾಮರಾದ ಬೆನ್ನಿನ ಪರದೆಯಲ್ಲಿ ನೋಡಿದೆ. "ಬಂತಮ್ಮ" ಎಂದೆ. ಮುಂದೆ ನನಗೆ ಮಾತು ಹೊರಡಲಿಲ್ಲ.

ಊರಿಗೆ ಬಂದ ಮೇಲೆ ಒಪ್ಪಂದದಂತೆ ಪಂಚಾಯಿತಿ ಸೇರಿತು. ಈಗಿನ ಕ್ಯಾಮರಾಗಳು ಪ್ರತಿ ಚಿತ್ರದೊಡನೆಯೂ ಲೆನ್ಸಿನ ಅಳತೆ, ಕಿಂಡಿ, ವೇಗ ಎಲ್ಲವನ್ನೂ ಬರೆದಿಡುತ್ತವೆ. ಮಗಳು ಮೂರು ದಿನದ ಚಿತ್ರಗಳನ್ನು ಹರಡಿಕೊಂಡು ಎಣಿಸಿದಳು. ಅವಳಿಗೇ ಮೆಚ್ಚಿಗೆಯಾದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಆ ಪುಟ್ಟ ಲೆನ್ಸಿನವು. ಅತಿ ಅಗಲದ ಲೆನ್ಸು ಪಟ್ಟಿಯಿಂದ ಬಿದ್ದುಹೋಯಿತು; ದೊಡ್ಡ ಕ್ಯಾಮರಾದ ಬದಲು ಕೈಗಡದಂತಹದೇ ಹಗುರವಾದದ್ದು ಬಂದಿತು; ದೂರದ ಲೆನ್ಸು ಮಾತ್ರ ಮತಂಗ ಪರ್ವತದ ಸಾಕ್ಷಿಯ ಬಲದಿಂದ ಉಳಿದುಕೊಂಡಿತು. ಕೊಳ್ಳಹೊರಟವರು ಪಟ್ಟಿ ಬರೆಯುವ ಮೊದಲು ಮನೆಯ ಮೊಬೈಲಿನಲ್ಲೇ ಆಗಲಿ ಈ ಲೆಕ್ಕವನ್ನು ಒಮ್ಮೆ ಮಾಡಿನೋಡಬಹುದು.

ಆ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅಮ್ಮನ ಕೈಗೆ ಕೊಟ್ಟೆವು. ಅವಳು ಬಹಳ ಹೊತ್ತು ನೋಡಿದಳು. ಬಳಿಕ ಅದನ್ನು ತಿರುಗಿಸಿ ಹಿಡಿದು, "ಹೀಗೆ ಹಿಡಿದರೆ ಗೋಪುರ ಸರಿಹೋಯಿತು, ನಾನು ತಲೆಕೆಳಗಾದೆ" ಎಂದು ನಕ್ಕಳು. ಚೌಕಟ್ಟು ಹಾಕುವವನು ಯಾವ ಕಡೆ ಮೇಲೆ ಎಂದು ಕೇಳಿ ಎರಡು ಸಲ ದೂರವಾಣಿ ಮಾಡಿದ್ದಾನೆ.