ನೀರೊಳಗಿನ ಸಮಾಧಿ

ಹಂಪಿಗೆ ಬಂದ ನೆಂಟರನ್ನು ನಾನು ಗೋರಿ ತೋರಿಸಲು ಕರೆದೊಯ್ಯುತ್ತೇನೆಂದು ಮನೆಯಲ್ಲಿ ಆಕ್ಷೇಪಣೆಯುಂಟು. ಕಲ್ಲಿನ ರಥ, ಕಮಲಮಹಲು ತೋರಿಸಿದರೆ ಸಾಲದೇ? ಸಾಲುತ್ತದೆ. ಆದರೆ ಅರಮನೆಯಲ್ಲಿ ಆಳಿದವರ ಗುರುತು ಸಿಕ್ಕೀತು. ಯಾರು ಯಾರು ಕೂಡಿ ಬಾಳಿದರೆಂಬುದನ್ನು ಕೇಳಬೇಕಾದರೆ ಸತ್ತವರ ಬಳಿಗೇ ಹೋಗಬೇಕು.

ಕಡ್ಡಿರಾಂಪುರದ ಜೋಡಿ ಗುಮ್ಮಟಗಳು ಹೊಸಪೇಟೆಯ ಬಸ್ಸಿನಿಂದಲೇ ಕಾಣುತ್ತವೆ. ನನಗೆ ಹೆಚ್ಚು ಪ್ರಿಯವಾದದ್ದು ತಳವಾರಘಟ್ಟದ ದಾರಿಯ ಮಗ್ಗುಲಿನ ಅಹಮದ್ ಖಾನನ ಮಸೀದಿ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಆತ 1439ರಲ್ಲಿ ಇದನ್ನು ಕಟ್ಟಿಸಿದ. ನೋಟಕ್ಕೆ ನಮ್ಮ ದೇವಾಲಯದ ಮಂಟಪವೇ, ಕಂಬಗಳೂ ಅವೇ. ಶಾಸನ ಕನ್ನಡದಲ್ಲಿದೆ. ಪುಣ್ಯ ದೇವರಾಯನಿಗೆ ಸಲ್ಲಲೆಂದು ಕಟ್ಟಿಸಿದ ಈ ಕಟ್ಟಡಕ್ಕೆ ಆತ ಕೊಟ್ಟ ಹೆಸರು 'ಧರ್ಮಸಾಲೆ'. ತರಗತಿಯಲ್ಲಿ ಈ ಮಾತು ಬಂದಾಗ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ. ಪಕ್ಕದಲ್ಲೇ ಗುಮ್ಮಟದ ಗೋರಿ, ಸುತ್ತಲೂ ಮುಳ್ಳುಗಿಡಗಳ ನಡುವೆ ಹೆಸರಿಲ್ಲದ ಸಣ್ಣ ಗೋರಿಗಳು.

ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳಿವೆ. ಬಳೆ ತೊಟ್ಟು ಮೇಲೆತ್ತಿದ ಆ ಕೈಯನ್ನು ಬಹಳ ಹೊತ್ತು ನೋಡುವುದು ನನ್ನಿಂದಾಗದು. ಆನೆಗೊಂದಿಯ ನಡುಗಡ್ಡೆಯ ನವಬೃಂದಾವನದಲ್ಲಿ ವ್ಯಾಸರಾಯರು 1539ರಿಂದ ಇದ್ದಾರೆ. ಕಂಪ್ಲಿಯ ಕುಮಾರರಾಮ ಹಾಡಿನಲ್ಲಿ ಉಳಿದ. ಕೃಷ್ಣದೇವರಾಯನ ಸಮಾಧಿಯೆಂದು ಜನ ತೋರಿಸುವುದು ಆನೆಗೊಂದಿಯ ಹೊಳೆಯಲ್ಲಿರುವ ಅರವತ್ನಾಲ್ಕು ಕಂಬದ ಮಂಟಪವನ್ನು. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಅದು ಮುಳುಗುತ್ತದೆ, ನೀರಿಳಿದರೆ ಏಳುತ್ತದೆ.

ನಮ್ಮ ಮುತ್ತಜ್ಜ ಮಾತ್ರ ಏಳಲಿಲ್ಲ. 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟೆ 1953ರ ಹೊತ್ತಿಗೆ ನೀರು ಹಿಡಿಯಿತು. ಮುಳುಗಿದ ಹಳ್ಳಿಗಳಲ್ಲಿ ನಮ್ಮದೂ ಒಂದು. ಮನೆಯ ತೊಲೆ, ಬಾಗಿಲುಗಳನ್ನು ಬಂಡಿಯಲ್ಲಿ ಹೇರಿಕೊಂಡು ಬಂದರಂತೆ. ಸುಡುಗಾಡನ್ನು ಹೇರುವುದು ಹೇಗೆ? ನಮ್ಮಲ್ಲಿ ಹೂಳುವ ಪದ್ಧತಿ. ಹಿರಿಯರ ಹಬ್ಬ ಬರುವುದೋ ಕೆರೆ ಕಟ್ಟೆ ತುಂಬಿದ ಕಾಲಕ್ಕೆ. ಅಜ್ಜಿ ಎಡೆಯನ್ನು ದಡದಲ್ಲಿಟ್ಟು, ನೀರಿನ ಕಡೆ ಕೈಮುಗಿದು ಬರುತ್ತಿದ್ದಳು.

ಒಂದು ಬೇಸಿಗೆ ನೀರು ತೀರ ಇಳಿದಿತ್ತು. ಅಪ್ಪ ವಿಭೂತಿ, ಪತ್ರೆ ಹಿಡಿದು ಹೊರಟರು, ನಾನೂ ಹೋದೆ. ಬಿರಿದ ಎರೆಮಣ್ಣಿನಲ್ಲಿ ಮಧ್ಯಾಹ್ನದವರೆಗೆ ತಿರುಗಿದೆವು. ಕೊನೆಗೆ ಅಪ್ಪ ಒಂದು ಕಲ್ಲಿನ ಕೆಸರನ್ನು ಪಂಚೆಯಿಂದ ಒರೆಸಿ ವಿಭೂತಿ ಹಚ್ಚಿದರು.

"ನಮ್ಮ ಮುತ್ತಜ್ಜಂದೇನಪ್ಪಾ ಇದು?"

"ಯಾರ್ದಾರ ಇರ್ಲಿ ಬಿಡು. ಎಲ್ರೂ ನೀರಾಗ ಅದಾರ."