ನಾಲ್ಕಾಣೆಯ ಕರೆಂಟು

ಜಿಮ್ಮಿಗೆ ಸೇರಿದ್ದು ಡಾಕ್ಟರು ಹೆದರಿಸಿದ್ದಕ್ಕೆ. ಅರವತ್ತು ದಾಟಿದ ಮೇಲೆ ಸಕ್ಕರೆ ಒಂದು ಕಡೆ, ಮಂಡಿ ಇನ್ನೊಂದು ಕಡೆ ಎಳೆಯುತ್ತಿದ್ದವು. ಮಂಡಿಗೆ ಭಾರ ಬೀಳದ ವ್ಯಾಯಾಮ ಮಾಡಿ ಎಂದರು. ಹಾಗಾಗಿ ಮೈಸೂರಿನ ನಮ್ಮ ಬಡಾವಣೆಯ ಜಿಮ್ಮಿನ ಮೂಲೆಯಲ್ಲಿದ್ದ, ಎಲ್ಲಿಗೂ ಹೋಗದ ಸೈಕಲ್ಲೊಂದು ನನ್ನ ಪಾಲಿಗೆ ಬಂತು. ಮೊದಲ ದಿನ ಹತ್ತಿ ಕೂತು ಸ್ವಿಚ್ಚಿಗಾಗಿ ತಡಕಾಡಿದೆ. ಗೋಡೆ ಕಡೆ ನೋಡಿದರೆ ವೈರೂ ಇಲ್ಲ.

“ಅಂಕಲ್, ಇದಕ್ಕೆ ಪ್ಲಗ್ಗೇ ಇಲ್ಲ. ನೀವು ತುಳಿದ್ರೇನೇ ಡಿಸ್‌ಪ್ಲೇ ಬರೋದು” ಎಂದ ಟ್ರೈನರ್ ಹುಡುಗ. ಅವನ ತೋಳು ನನ್ನ ತೊಡೆಗಿಂತ ದಪ್ಪ.

ತುಳಿದೆ. ನಾಲ್ಕು ಸುತ್ತಾಗುವುದರೊಳಗೆ ಕಣ್ಣೆದುರಿನ ಕಪ್ಪು ಗಾಜಿನಲ್ಲಿ ಕೆಂಪು ಅಂಕಿಗಳು ಮೂಡಿದವು. ನಿಲ್ಲಿಸಿದೆ. ಈ ಗಿರಾಕಿ ಇನ್ನು ತುಳಿಯುವವನಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಕಾದು, ಆರಿಹೋದವು. ಮತ್ತೆ ತುಳಿದೆ, ಮತ್ತೆ ಬಂದವು. ವ್ಯಾಯಾಮ ಮರೆತು ಹೀಗೆ ಹೊತ್ತಿಸಿ ಆರಿಸಿ ಆಡುತ್ತಿದ್ದ ನನ್ನನ್ನು ಪಕ್ಕದ ಟ್ರೆಡ್‌ಮಿಲ್ಲಿನ ಹುಡುಗಿ ಒಂದು ಕಿವಿಯ ಇಯರ್‌ಫೋನ್ ತೆಗೆದು ನೋಡಿದಳು. ನಾನಾಗಲೇ ಅಪ್ಪನ ಸೈಕಲ್ ಬಾರಿನ ಮೇಲೆ ಕೂತಾಗಿತ್ತು.

ಅಪ್ಪನದು ಸೆಕೆಂಡ್ ಹ್ಯಾಂಡ್ ಕಪ್ಪು ಸೈಕಲ್ಲು. ಹಿಂದಿನ ಚಕ್ರದ ಪಕ್ಕ ಡೈನಮೋ. ಕೆಮ್ಮಿನ ಔಷಧದ ಸೀಸೆಯಷ್ಟು ಗಾತ್ರ, ತಲೆಯ ಮೇಲೆ ಗೀರು ಗೀರಾದ ಪುಟ್ಟ ಗಾಲಿ. ಹಿಮ್ಮಡಿಯಿಂದ ಕೀಲು ಒತ್ತಿದರೆ ಟಕ್ ಎಂದು ಟೈರಿಗೆ ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಗುಂಯ್ ಎಂಬ ಸದ್ದು, ಸದ್ದಿನ ಜೊತೆಗೇ ಸೈಕಲ್ಲಿಗೆ ಬರುವ ಭಾರ. ಪಟ್ಟಣದ ಟೆಂಟ್ ಸಿನಿಮಾ ಮುಗಿಸಿ ನಾಲ್ಕು ಮೈಲಿ ಊರಿಗೆ ವಾಪಸಾಗುವಾಗ ಕೆರೆ ಏರಿಗೆ ಹತ್ತುವ ಕಡೆ ಒಂದು ಹುಣಸೇಮರ. ಅದರಲ್ಲಿ ಯಾರಿದ್ದಾರೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಸರಿಯಾಗಿ ಅಲ್ಲೇ ಏರು, ಅಲ್ಲೇ ಅಪ್ಪನ ವೇಗ ಇಳಿದು, ದೀಪ ಹಳದಿಯಾಗಿ, ಕೆಂಪಾಗಿ, ಬಲ್ಬಿನೊಳಗಿನ ಎಳೆ ಬೀಡಿ ತುದಿಯಂತೆ ಕಾಣುತ್ತಿತ್ತು.

“ಅಪ್ಪಾ, ತುಳಿ!”

“ತುಳೀತಾ ಇದೀನಲ್ಲೋ.” ಆ ಏದುಸಿರು ನನ್ನ ನೆತ್ತಿಗೆ ಬೆಚ್ಚಗೆ ತಾಗುತ್ತಿತ್ತು.

ಏರಿ ದಾಟಿ ಇಳಿಜಾರಿಗೆ ಬಂದರೆ ಬೆಳಕು ಬೆಳ್ಳಗೆ ಹಬ್ಬಿ, ರಸ್ತೆಯ ಕಲ್ಲು ಕಲ್ಲೂ ಕಾಣುತ್ತಿತ್ತು. ಆಗ ಅಪ್ಪನಿಗೆ ಬೇರೆ ಚಿಂತೆ. ಜೋರಾಗಿ ಹೋದರೆ ಬಲ್ಬು ಸುಟ್ಟುಹೋಗುತ್ತದೆ! ಬ್ರೇಕು ಹಿಡಿದು ಬೆಳಕನ್ನು ಹದಕ್ಕೆ ತರುತ್ತಿದ್ದ, ಅಮ್ಮ ಹಾಲಿನ ಕೆಳಗೆ ಸೌದೆ ಹಿಂದಕ್ಕೆಳೆಯುವಂತೆ.

ಇದನ್ನೆಲ್ಲ ಪಾರ್ಕಿನ ಬೆಂಚಿನಲ್ಲಿ ನಮ್ಮ ಕೆಇಬಿ ರಾಯರಿಗೆ ಹೇಳಿದೆ. ಅವರ ಇಲಾಖೆ ಕೆಪಿಟಿಸಿಎಲ್ ಆಗಿ, ಕಂಪನಿಗಳಾಗಿ ಒಡೆದು ಎಷ್ಟು ವರ್ಷವಾದರೂ ಬೀದಿಗೆಲ್ಲ ಅವರು ಕೆಇಬಿ ರಾಯರೇ. ಜೊತೆಗೆ ನನ್ನದೊಂದು ಯೋಜನೆಯನ್ನೂ ಮುಂದಿಟ್ಟೆ. ಜಿಮ್ಮಿನಲ್ಲಿ ದಿನಾ ಅಷ್ಟು ಜನ ತುಳಿಯುತ್ತಾರೆ, ಅಷ್ಟಕ್ಕೂ ಡೈನಮೋ ಕಟ್ಟಿದರೆ ಬಡಾವಣೆಯ ಬೀದಿದೀಪ ಉರಿಯುವುದಿಲ್ಲವೇ?

ರಾಯರು ಜೇಬಿನಿಂದ ಹಳೇ ಬಿಲ್ಲು ತೆಗೆದು ಬೆನ್ನಿನ ಮೇಲೆ ಬರೆಯತೊಡಗಿದರು. “ನಿಮ್ಮ ವಯಸ್ಸಿಗೆ, ಗ್ರೇಸ್ ಮಾರ್ಕ್ಸ್ ಸೇರಿಸಿ, 60 ವಾಟು ಕೊಡ್ತೀನಿ ಮೇಷ್ಟ್ರೇ. ಮುಕ್ಕಾಲು ಗಂಟೆಗೆ 45 ವಾಟ್-ಅವರ್. ಸಾವಿರ ಆದ್ರೆ ಒಂದು ಯೂನಿಟ್ಟು. ಅಂದ್ರೆ 22 ದಿನ ತುಳಿದ್ರೆ ಒಂದು ಯೂನಿಟ್ಟು. ಯೂನಿಟ್ಟಿಗೆ ಆರು ರೂಪಾಯಿ ಅಂತಿಟ್ಕೊಳ್ಳಿ. ದಿನಕ್ಕೆ ನಿಮ್ಮ ದುಡಿಮೆ 27 ಪೈಸೆ.”

ನಾಲ್ಕಾಣೆ! ಅದೂ 2011ರಲ್ಲೇ ಸರ್ಕಾರ ಚಲಾವಣೆಯಿಂದ ತೆಗೆದುಹಾಕಿದ ನಾಲ್ಕಾಣೆ. ತಿಂಗಳಿಗೆ ಸಾವಿರದೈನೂರು ಶುಲ್ಕ ಕಟ್ಟಿ ಎಂಟು ರೂಪಾಯಿ ದುಡಿಯುವ ಕೂಲಿ ನಾನು. ಆ ಎಂಟು ರೂಪಾಯಿಯೂ ನನಗೆ ದಕ್ಕುವುದಿಲ್ಲ. 2023ರಿಂದ ಗೃಹಜ್ಯೋತಿಯ ಕೃಪೆಯಿಂದ ನಮ್ಮ ಮನೆಗೆ ಬರುವುದು ಸೊನ್ನೆ ಬಿಲ್ಲು. ತುಳಿದರೂ ಸೊನ್ನೆ, ತುಳಿಯದಿದ್ದರೂ ಸೊನ್ನೆ.

ರಾಯರು ಅಷ್ಟಕ್ಕೆ ಬಿಡಲಿಲ್ಲ. ತಿಂದದ್ದರಲ್ಲಿ ಹೆಚ್ಚೆಂದರೆ ಕಾಲುಭಾಗ ಕಾಲಿನ ಕೆಲಸವಾಗುತ್ತದೆ, ಮಿಕ್ಕ ಮುಕ್ಕಾಲು ಬರೀ ಶಾಖ, ಬೆವರು. ಮಸಾಲೆ ದೋಸೆ ಸುಟ್ಟು ಕರೆಂಟು ತೆಗೆಯುವಷ್ಟು ದುಬಾರಿ ಪವರ್ ಸ್ಟೇಷನ್ ದೇಶದಲ್ಲೇ ಇಲ್ಲವಂತೆ. “ಹೋಗ್ಲಿ, ಬೆವರಿದ ಮೇಲೆ ಸ್ನಾನ ಮಾಡ್ತೀರಲ್ಲ? ಹದಿನೈದು ಲೀಟರ್ ಬಕೆಟ್ಟು, ಇಪ್ಪತ್ತು ಡಿಗ್ರಿ ಬಿಸಿ ಏರಿಸೋಕೆ 350 ವಾಟ್-ಅವರ್ ಬೇಕು. ಸುಮಾರು ಆರು ಗಂಟೆ ತುಳೀಬೇಕು.” ಮುಕ್ಕಾಲು ಗಂಟೆಯ ಬೆವರು ತೊಳೆಯಲು ಆರು ಗಂಟೆ ತುಳಿತ, ಆ ಆರು ಗಂಟೆಯ ಬೆವರು ತೊಳೆಯಲು ಎಷ್ಟೆಂದು ನಾನು ಕೇಳಲಿಲ್ಲ, ಅವರು ಬಿಲ್ಲು ತಿರುಗಿಸುತ್ತಿದ್ದರು.

ನಾನು ಕೇಳಿದ್ದು ಬೇರೆ. ಈಗ ನಾನು ತುಳಿಯುತ್ತಿರುವ ಸೈಕಲ್ಲಿನ ಕರೆಂಟು ಎಲ್ಲಿಗೆ ಹೋಗುತ್ತಿದೆ? ಚೂರು ಪಾರು ಆ ಕೆಂಪು ಅಂಕಿಗಳಿಗೆ. ಮಿಕ್ಕದ್ದು ಒಳಗೊಂದು ರೆಸಿಸ್ಟೆನ್ಸ್ ಇರುತ್ತದಂತೆ, ಸ್ಟೌವಿನ ಕಾಯಿಲ್ ತರಹ, ಅದರಲ್ಲಿ ಬಿಸಿಯಾಗಿ ಗಾಳಿಗೆ. ಆ ಬಿಸಿಯನ್ನು ಹೊರಗೆ ಹಾಕಲು ಜಿಮ್ಮಿನವರು ಏಸಿ ಹಾಕಿದ್ದಾರೆ. ಏಸಿಗೆ ಕರೆಂಟು ಶಿವನಸಮುದ್ರದಿಂದಲೋ ರಾಯಚೂರಿನಿಂದಲೋ ಬರುತ್ತದೆ. “ಕಾವೇರಿ ತಾಯಿ 1902ರಿಂದ ಅಲ್ಲಿ ಟರ್ಬೈನು ತಿರುಗಿಸ್ತಾ ಇದಾಳೆ ಮೇಷ್ಟ್ರೇ, ಅವಳಿಗೆ ಮಂಡಿನೋವಿಲ್ಲ” ಎಂದು ರಾಯರು ಎದ್ದರು.

ನಾನೊಬ್ಬನೇ ಹುಚ್ಚನಲ್ಲ ಎಂಬುದಷ್ಟೇ ಸಮಾಧಾನ. 2007ರಲ್ಲಿ ಹಾಂಗ್‌ಕಾಂಗಿನ ಜಿಮ್ಮೊಂದರಲ್ಲಿ ಯಂತ್ರಗಳಿಗೆ ಜನರೇಟರ್ ಕಟ್ಟಿ ದೀಪ ಉರಿಸಿದ್ದರು. ಮರುವರ್ಷ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಇದಕ್ಕೆಂದೇ ಒಂದು ಜಿಮ್ಮು ತೆರೆಯಿತು. 2009ರಲ್ಲಿ ಬಿಬಿಸಿಯವರು ಸುಮಾರು 80 ಜನ ಸೈಕಲ್ ಸವಾರರನ್ನು ಕೂಡಿಹಾಕಿ ಒಂದು ಮನೆಗೆ ಒಂದು ದಿನ ಕರೆಂಟು ಕೊಡಿಸಿದರು. ಮನೆಯವರಿಗೆ ವಿಷಯವೇ ಗೊತ್ತಿಲ್ಲ, ಆರಾಮಾಗಿ ಬಿಸಿನೀರಿನ ಶವರ್ ತಿರುಗಿಸಿದರು. ಆ ಕಡೆ ತುಳಿಯುವವರ ಪಾಡು ನನ್ನ ಮಂಡಿಗೆ ಅರ್ಥವಾಗುತ್ತದೆ. ಇನ್ನು ಜರ್ಮನಿಯ ರಾಬರ್ಟ್ ಫಾರ್ಸ್ಟೆಮನ್. ಒಲಿಂಪಿಕ್ ಪದಕ ಗೆದ್ದ ಸೈಕಲ್ ಸವಾರ, ತೊಡೆಯ ಸುತ್ತಳತೆ 74 ಸೆಂಟಿಮೀಟರ್. 2015ರಲ್ಲಿ 700 ವಾಟಿನ ಟೋಸ್ಟರಿಗೆ ತುಳಿದು ಒಂದು ತುಂಡು ಬ್ರೆಡ್ಡು ಕೆಂಪಗೆ ಮಾಡಿದ. ಇಳಿದವನೇ ನೆಲಕ್ಕೆ ಬಿದ್ದುಕೊಂಡ. ನಾನು ಆ ವಿಡಿಯೋ ಹಾಕಿದಾಗ ನನ್ನ ಹೆಂಡತಿ ಬ್ರೆಡ್ಡು ನೋಡಿ, “ಒಂದು ಕಡೆ ಸರಿಯಾಗಿ ಸುಟ್ಟಿಲ್ಲ” ಎಂದಳು.

ಅವಳ ದೂರು ಬೇರೆಯೇ. “ರೀ, ಇಷ್ಟೊಂದು ಶಕ್ತಿ ಉಕ್ಕುತ್ತಿದ್ರೆ ಹಿತ್ತಲಲ್ಲಿ ನಿಮ್ಮಮ್ಮನ ರುಬ್ಬೋಕಲ್ಲಿದೆ.” ಇದೆ, ಅದರ ಗುಳಿಯಲ್ಲಿ ಮಳೆನೀರು ನಿಂತು ಗುಬ್ಬಿ ಮೀಯುತ್ತದೆ. ನಮ್ಮ ಮಿಕ್ಸಿಯ ತಳದಲ್ಲಿ 750 ವಾಟು ಎಂದಿದೆ. ರಾಯರ ಲೆಕ್ಕದಲ್ಲಿ ಹನ್ನೆರಡು ಹದಿಮೂರು ಅಮ್ಮಂದಿರು ಸುತ್ತ ಕೂತು ತಿರುಗಿಸಬೇಕು. ಒಬ್ಬಳೇ ಅಮ್ಮ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಎಡಗೈಯಲ್ಲಿ ಹಿಟ್ಟು ತಳ್ಳುತ್ತ ಬಲಗೈಯಲ್ಲಿ ಗುಂಡು ತಿರುಗಿಸುತ್ತಿದ್ದಳು. ನಡುವೆ ನಮ್ಮನ್ನು ಬೈಯಲು ಮಾತ್ರ ನಿಲ್ಲಿಸುತ್ತಿದ್ದಳು. ಎಷ್ಟು ಕ್ಯಾಲೊರಿ ಕರಗಿತೆಂದು ಅವಳಿಗೆ ಯಾರೂ ಕೆಂಪು ಅಂಕಿಯಲ್ಲಿ ತೋರಿಸಲಿಲ್ಲ.

ರಾಯರಿಗೆ ಗಣಿತವಿದ್ದರೆ ನನಗೆ ಇತಿಹಾಸವಿದೆ, ಮೂವತ್ತು ವರ್ಷ ಅದನ್ನೇ ಬೋಧಿಸಿದವನು. ಮರುದಿನ ಟ್ರೆಡ್‌ಮಿಲ್ಲಿನ ಕಥೆ ಹೇಳಿದೆ. 1818ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರು ಜೈಲಿಗಾಗಿ ಮಾಡಿದ ಯಂತ್ರ ಅದು. ಅಡ್ಡಹಲಗೆಗಳ ದೊಡ್ಡ ಉರುಳೆ, ಕೈದಿಗಳು ಸಾಲಾಗಿ ನಿಂತು ಮುಗಿಯದ ಮೆಟ್ಟಿಲು ಹತ್ತಬೇಕು. ಕೆಲವು ಕಡೆ ಅದರಿಂದ ಹಿಟ್ಟು ಬೀಸಿದರು, ನೀರೆತ್ತಿದರು. ಎಷ್ಟೋ ಜೈಲುಗಳಲ್ಲಿ ಅದಕ್ಕೆ ಏನನ್ನೂ ಜೋಡಿಸಿರಲಿಲ್ಲ, ಸುಮ್ಮನೆ ಗಾಳಿ ಬೀಸುವುದು. ಶಿಕ್ಷೆಯೆಂದರೆ ಅದೇ.

ರಾಯರು ಮೊದಲ ಸಲ ಲೆಕ್ಕ ಹಾಕದೆ ಸುಮ್ಮನೆ ಕೂತರು.

ಹೋದ ತಿಂಗಳು, ಮುಂಗಾರಿಗೆ ಮುಂಚಿನ ಗುಡುಗು ಮಳೆ. ಸಂಜೆ ಏಳರ ಹೊತ್ತಿಗೆ ಎಲ್ಲೋ ಮರದ ಕೊಂಬೆ ತಂತಿ ಮೇಲೆ ಬಿತ್ತೇನೋ, ಇಡೀ ಬಡಾವಣೆಯ ಕರೆಂಟು ಹೋಯಿತು. ಜಿಮ್ಮಿನಲ್ಲಿ ಏಸಿ ನಿಂತಿತು, ಎದೆ ನಡುಗಿಸುತ್ತಿದ್ದ ಹಾಡು ನಿಂತಿತು. ಟ್ರೆಡ್‌ಮಿಲ್ಲುಗಳು ಹುಂ ಎಂದು ನಿಂತು, ಓಡುತ್ತಿದ್ದವರೆಲ್ಲ ಕತ್ತಲಲ್ಲಿ ಕಂಬಿ ಹಿಡಿದುಕೊಂಡರು. ಯಾರದೋ ಕೈಯಿಂದ ಕಬ್ಬಿಣ ದಬಕ್ಕನೆ ಬಿತ್ತು. ಮೊಬೈಲುಗಳೆಲ್ಲ ಲಾಕರಿನಲ್ಲಿ.

ನನ್ನ ಕಾಲು ಮಾತ್ರ ಅಭ್ಯಾಸಬಲದಿಂದ ಆಡುತ್ತಲೇ ಇತ್ತು. ಇಡೀ ಹಾಲಿನಲ್ಲಿ ಉರಿಯುತ್ತಿದ್ದದ್ದು ಆ ಮೂಲೆಯ ಕೆಂಪು ಅಂಕಿಗಳಷ್ಟೇ. ಆ ಬೆಳಕಿನಲ್ಲಿ ಟ್ರೈನರ್ ಹುಡುಗನ ಮೂಗಿನ ತುದಿ ಕಂಡಿತು. ನನ್ನ ಪಕ್ಕದ ಗೋಡೆಯಲ್ಲಿ ಇನ್‌ವರ್ಟರಿನ ಸ್ವಿಚ್ಚಿಗೆ ತಡಕಾಡುತ್ತಿದ್ದ. ಎರಡು ಕ್ಷಣ ಉಸಿರು ತೆಗೆದುಕೊಳ್ಳೋಣವೆಂದು ಕಾಲು ನಿಧಾನಿಸಿದೆ. ಅಂಕಿಗಳು ಮಸುಕಾದವು.

“ಅಂಕಲ್, ತುಳೀರಿ!”

“ತುಳೀತಾ ಇದೀನಲ್ಲೋ” ಎಂದೆ.