ಗುಂಯ್ ಎನ್ನುವುದರ ಜಾಡು ಹಿಡಿದು

ನಮ್ಮ ಕಿವಿ ಬಲು ಜಾಣ. ಬೇಕಾದದ್ದನ್ನು ಮಾತ್ರ ಒಳಗೆ ಬಿಟ್ಟುಕೊಂಡು ಬೇಡವಾದದ್ದನ್ನು ಹೊಸ್ತಿಲಾಚೆಯೇ ನಿಲ್ಲಿಸುವುದರಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ಅಮೀನಗಡದಂಥ ಊರಿನಲ್ಲಿ ಬಾಳುವವರಿಗಂತೂ ಈ ಜಾಣತನ ಬೇಕೇ ಬೇಕು. ಹೆದ್ದಾರಿಯ ಲಾರಿಗಳು, ಸಂತೆಗೆ ಬಂದ ಕುರಿಗಳ ಕೂಗು, ಕರದಂಟಿನ ಅಂಗಡಿಗಳ ಮುಂದೆ ನಿಲ್ಲುವ ಬಸ್ಸುಗಳ ಹಾರ್ನು, ಪಕ್ಕದ ಸೂಳೇಭಾವಿಗೆ ಹೋದರೆ ಮಗ್ಗಗಳ ಲಟಕ್ ಪಟಕ್. ಇದೆಲ್ಲದರ ನಡುವೆಯೂ ಕುಕ್ಕರಿನ ಮೂರನೆಯ ಸೀಟಿಯನ್ನು ತಪ್ಪದೆ ಎಣಿಸುವ ಕಿವಿ ನಮ್ಮದು. ಮೈಕಿಗೆ ಈ ಜಾಣತನವಿಲ್ಲ. ಅದು ಬಾಯಿಬಡುಕ ಕೂಸಿನ ಹಾಗೆ, ಮನೆಯೊಳಗೆ ಕೇಳಿದ್ದನ್ನೆಲ್ಲ ಬಂದವರ ಮುಂದೆ ಹೇಳಿಬಿಡುತ್ತದೆ.

ಇದು ನನಗೆ ತಿಳಿದದ್ದು ನಮ್ಮತ್ತೆಯ ಬೀಸುವ ಪದಗಳನ್ನು ಧ್ವನಿಮುದ್ರಿಸಲು ಹೊರಟಾಗ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದ ಮೇಲೆ ನಮ್ಮ ಸೀಮೆಯ ಹೆಣ್ಣುಮಕ್ಕಳ ತ್ರಿಪದಿಗಳು ಪುಸ್ತಕ ಸೇರಿದವು. ಮಾತು ಉಳಿಯಿತು. ಆದರೆ ಸಾಲಿನ ಕೊನೆಗೆ ದನಿ ಎಳೆದು, ಕಲ್ಲು ಒಂದು ಸುತ್ತು ಮುಗಿಸುವವರೆಗೆ ಕಾದು, ಮುಂದಿನ ಸಾಲು ಹಿಡಿಯುವ ಆ ಬಗೆಯನ್ನು ಯಾವ ಅಚ್ಚುಮೊಳೆ ಹಿಡಿದೀತು? ಅತ್ತೆಗೆ ಎಂಬತ್ತು ದಾಟಿದೆ. ಆ ಪದಗಳು ಬರುವುದು ಮನೆಯಲ್ಲಿ ಅವರೊಬ್ಬರಿಗೇ. ಹಾಗಾಗಿ ಒಂದು ಮೈಕು, ಅದನ್ನು ಲ್ಯಾಪ್‌ಟಾಪಿಗೆ ಸೇರಿಸುವ ಸಣ್ಣ ಪೆಟ್ಟಿಗೆ ಇಷ್ಟನ್ನು ತರಿಸಿ ನಡುಮನೆಯಲ್ಲಿ ಹೂಡಿದೆವು. ಸುಮ್ಮನೆ ಕೂತರೆ ಅತ್ತೆಗೆ ಪದ ಬಾಯಿಗೆ ಬರುವುದಿಲ್ಲ. ಮೂಲೆ ಸೇರಿದ್ದ ಬೀಸುಕಲ್ಲು ಹೊರಬಂತು, ಹಿಡಿ ಜೋಳವೂ ಬಂತು.

ಹಾಡಿ ಮುಗಿದ ಮೇಲೆ ಹಾಕಿ ಕೇಳಿದರೆ ಪದದ ಅಡಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಅತ್ತೆ ಕಣ್ಣರಳಿಸಿ, “ಏನ ಯವ್ವಾ, ನನ್ನ ಗಂಟಲಾಗ ಜೇನಹುಳ ಹೊಕ್ಕಾವೇನ?” ಎಂದರು.

“ಕಂಪ್ಯೂಟರಿನ್ಯಾಗ ಅಳಿಸಿದರಾತು” ಎಂದರು ನಮ್ಮ ಮನೆಯವರು. ಅಂಥ ಸವಲತ್ತು ಇದೆ, ನಿಜ. ಬರೀ ಗುಂಯ್ ಇರುವ ತುಣುಕನ್ನು ಅದಕ್ಕೆ ತೋರಿಸಿದರೆ, ಅಂಥದ್ದನ್ನೆಲ್ಲ ಹುಡುಕಿ ತಗ್ಗಿಸುತ್ತದೆ. ಗುಂಯ್ ಹೋಯಿತು. ಅದರ ಬೆನ್ನಿಗೆ ಬೀಸುಕಲ್ಲಿನ ಗರಗರವೂ ಸವೆದುಹೋಯಿತು. ಅತ್ತೆಯ ದನಿ ಬಾವಿಯ ತಳದಿಂದ ಬಂದಂತೆ ಕೇಳಿಸಿತು. ತಂಬೂರಿಯ ತಂತಿಯ ಕೆಳಗೆ ಎಳೆ ದಾರ ಸೇರಿಸಿ ಝೇಂಕಾರವನ್ನು ಬೇಕೆಂದೇ ಬರಿಸುತ್ತಾರಲ್ಲ, ಬೀಸುವ ಪದಕ್ಕೆ ಕಲ್ಲೇ ಆ ತಂಬೂರಿ. ಯಂತ್ರಕ್ಕೆ ಬೇಕಾದ ಗುಂಯ್ ಯಾವುದು, ಬೇಡದ ಗುಂಯ್ ಯಾವುದು ಎಂಬ ವಿವೇಕ ಎಲ್ಲಿಂದ ಬರಬೇಕು? ಸದ್ದನ್ನು ಒರೆಸುವುದಲ್ಲ, ಅದು ಹುಟ್ಟುವ ಜಾಗ ಹುಡುಕಬೇಕು ಎಂದು ನಿಶ್ಚಯಿಸಿದೆ.

ಅಕ್ಕಿಯಲ್ಲಿ ಹರಳು ಆರಿಸುವ ನಮಗೆ ಈ ಕೆಲಸ ಹೊಸದೇನಲ್ಲ. ಒಂದೊಂದನ್ನೇ ಆರಿಸಿ ತೆಗೆಯುವುದು, ಪ್ರತಿ ಸಲವೂ ಕಿವಿಗೊಟ್ಟು ಕೇಳುವುದು. ಫ್ಯಾನು ನಿಲ್ಲಿಸಿದೆ, ರೆಗ್ಯುಲೇಟರಿನ ಕರಕರ ಹೋಯಿತು. ಹಳೆಯ ಟ್ಯೂಬ್‌ಲೈಟ್ ಆರಿಸಿದೆ, ಅದರ ಚೋಕಿನ ಗೊಣಗಾಟ ನಿಂತಿತು. ಮೊಬೈಲನ್ನು ಅಡುಗೆಮನೆಗೆ ಅಟ್ಟಿದೆ, ನಡುನಡುವೆ ಬರುತ್ತಿದ್ದ ಟಕಟಕ ಇಲ್ಲವಾಯಿತು. ಮೈಕಿನ ತಂತಿಯನ್ನು ಕರೆಂಟಿನ ತಂತಿಗೆ ಜಡೆ ಹೆಣೆದಂತೆ ಬಿಟ್ಟಿದ್ದರು, ಬಿಡಿಸಿ ದೂರ ಹಾಸಿದೆ. ಸ್ವಲ್ಪ ತಗ್ಗಿತು. ಬುಡದ ಗುಂಯ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಅದು ಕರೆಂಟಿನದೇ ದನಿ. ನಮ್ಮ ದೇಶದ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ತೂಗುತ್ತದೆ, ಅಮೆರಿಕದ್ದು 60 ಸಲ. ಸಂಗೀತ ಬಲ್ಲವರು ಲೆಕ್ಕ ಹಾಕಿ ನೋಡಲಿ: ನಮ್ಮ ಗುಂಯ್ ಷಡ್ಜವಾದರೆ ಅವರದು ಕೋಮಲ ಗಾಂಧಾರ! ಯಾವ ಸ್ವರವಾದರೇನು, ತಂತಿಯೊಳಗೆ ತನ್ನ ಪಾಡಿಗೆ ಹರಿಯಬೇಕಾದದ್ದು ಮೈಕಿನೊಳಗೆ ಏಕೆ ಹಾಡಬೇಕು?

ಸುಳಿವು ಸಿಕ್ಕಿದ್ದು ಮೈಕನ್ನು ಸರಿಸುವಾಗ. ಅದರ ಲೋಹದ ಮೈಯನ್ನು ಹಿಡಿದರೆ ಗುಂಯ್ ಕುಗ್ಗುತ್ತಿತ್ತು, ಬಿಟ್ಟರೆ ಏಳುತ್ತಿತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಪೂರಾ ಮಾಯ. “ಬ್ಯಾಟರಿ ಮ್ಯಾಲ ನಡಸು, ಮುಗೀತು” ಎಂದರು ಇವರು. ಪದಕ್ಕಾದರೆ ಮುಗಿಯುತ್ತಿತ್ತು. ಆದರೆ ನನಗೆ ನಮ್ಮ ಫ್ರಿಜ್ ನೆನಪಾಯಿತು. ಬರಿಗಾಲಲ್ಲಿ ನಿಂತು ಅದರ ಬಾಗಿಲು ಹಿಡಿದರೆ ಜುಮ್ಮ್ ಅನ್ನುತ್ತದೆ ಎಂದು ನಾನೂ ಅತ್ತೆಯೂ ಎಷ್ಟು ಸಲ ಹೇಳಿಲ್ಲ! “ಕೈ ಹಸಿ ಇರಬೇಕು, ಚಪ್ಪಲಿ ಮೆಟ್ಟಿಕೊಂಡು ತೆಗಿ” ಎನ್ನುವುದೇ ಉತ್ತರ. ಅಡುಗೆಮನೆಯ ಜುಮ್ಮ್ ಎಂಬುದು ಹೆಂಗಸರ ಸೊಂಟನೋವಿನ ಹಾಗೆ, ಹೇಳಿದವರಿಗಷ್ಟೇ ಗೊತ್ತು. ಈಗ ಅದೇ ಜುಮ್ಮ್ ಎಲ್ಲರ ಕಿವಿಗೂ ಕೇಳುವಂತೆ ಮೈಕಿನಲ್ಲಿ ಕೂತು ಕೂಗುತ್ತಿತ್ತು.

ವೈರಮನ್ ಬಂದು ಬೋರ್ಡು ಬಿಚ್ಚಿದ. “ಅಕ್ಕಾರ, ಅರ್ಥಿನ ವೈರೇ ಇಲ್ರಿ ಇಲ್ಲಿ. ತೂತ ಅಷ್ಟ ಐತ್ರಿ” ಎಂದ. ಮೂರು ತೂತಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತು ಬರೀ ಶೃಂಗಾರಕ್ಕೆ! ಚಾರ್ಜರಿನಿಂದ, ಫ್ರಿಜ್ಜಿನಿಂದ ಒಸರುವ ಕರೆಂಟು ಆ ದಾರಿಯಲ್ಲಿ ನೆಲಕ್ಕೆ ಇಳಿದುಹೋಗಬೇಕು. ದಾರಿ ಇಲ್ಲದಾಗ ಅದು ಲೋಹದ ಮೈಮೇಲೆ ಕಾದು ಕೂತು, ಮುಟ್ಟಿದವರ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ. ಇಂದು ಒಸರುವುದು ಜುಮ್ಮ್ ಅನ್ನುವಷ್ಟು. ಒಳಗಿನ ತಂತಿಯ ಹೊದಿಕೆ ಹರಿದ ದಿನ 230 ವೋಲ್ಟ್ ಪೂರಾ ಬಾಗಿಲ ಹಿಡಿಗೆ ಬಂದು ನಿಲ್ಲುತ್ತದೆ. ಗುಂಯ್ ಹೋಗಲೆಂದು ಪ್ಲಗ್ಗಿನ ದಪ್ಪ ಕಡ್ಡಿಯನ್ನು ಮುರಿಯುವ ಜಾಣರೂ ಇದ್ದಾರಂತೆ. ಸದ್ದು ಹೋದೀತು, ಅದರೊಂದಿಗೆ ಜೀವಕ್ಕಿದ್ದ ಕಾವಲೂ ಹೋಗುತ್ತದೆ.

ಹಿತ್ತಲಲ್ಲಿ ಗುಂಡಿ ತೆಗೆಸಿ, ಕೊಳವೆ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿಸಿ ಪ್ರತಿ ಬೋರ್ಡಿಗೂ ತಂತಿ ಎಳೆಸಿದೆವು. ಒಸರುವ ಕರೆಂಟು 30 ಮಿಲಿಯಾಂಪಿಯರ್ ಮುಟ್ಟುವಷ್ಟರಲ್ಲಿ ಸಾಲು ಕಡಿಯುವ ಸ್ವಿಚ್ಚೂ ಬಂತು. ಖರ್ಚಿನ ಮಾತು ಬಂದಾಗ ಅತ್ತೆ, “ಫ್ರಿಜ್ಜಿಗೆ ರೊಕ್ಕ ಇತ್ತು, ಇದಕ್ಕ ಇಲ್ಲೇನ?” ಎಂದು ಮಗನ ಬಾಯಿ ಮುಚ್ಚಿಸಿದರು. ನಮ್ಮದು ಮಳೆ ಕಡಿಮೆಯ ಸೀಮೆ. ನೆಲ ಒಣಗಿದರೆ ಕರೆಂಟು ಸಲೀಸಾಗಿ ಇಳಿಯುವುದಿಲ್ಲ, ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಕೊಡ ನೀರು ಹೊಯ್ಯಬೇಕು. ಅದು ಅತ್ತೆಯ ಪಾಲಿನ ಕೆಲಸ. “ಎಳ್ಳಮಾಸಿಗೆ ಚರಗ ಚೆಲ್ಲತೀವಲ್ಲ, ಇದೂ ಹಂಗ” ಎನ್ನುತ್ತಾರೆ.

ಪದಗಳ ಮುದ್ರಣ ಈಗ ಹದಿನಾಲ್ಕಕ್ಕೆ ಬಂದಿದೆ. ಕಲ್ಲಿನ ಗರಗರವಿದೆ, ಅತ್ತೆ ಉಸಿರು ಎಳೆಯುವುದೂ ಇದೆ. ಒಂದು ಪದದ ನಡುವೆ ಹೆದ್ದಾರಿಯ ಲಾರಿಯೊಂದು ಹಾಯ್ದು ಹೋಗುತ್ತದೆ, ಇರಲಿ ಎಂದು ಬಿಟ್ಟಿದ್ದೇನೆ. ಓಣಿಯ ಹೆಂಗಸರು ಕೇಳಲು ಬಂದಾಗ ಮೊದಲಿನ ಗುಂಯ್ ಮುದ್ರಣವನ್ನೂ ಹಾಕಿ, ಅದರ ಕಥೆ ಹೇಳಿದೆ. ಪದ ಮುಗಿದ ಮೇಲೆ ಒಬ್ಬಾಕೆ ಮೆಲ್ಲಗೆ, “ನಮ್ಮ ಮನಿ ಫ್ರಿಜ್ಜೂ ಜುಮ್ಮ್ ಅಂತೈತ್ರಿ” ಎಂದಳು. ಇನ್ನೊಬ್ಬಾಕೆ ತಮ್ಮ ಮನೆಯ ವಾಷಿಂಗ್ ಮಷಿನ್ನಿನ ಹೆಸರು ತೆಗೆದಳು. ಆ ವಾರ ವೈರಮನ್‌ಗೆ ನಮ್ಮ ಓಣಿಯಲ್ಲೇ ಮೂರು ಮನೆಯ ಕೆಲಸ ಸಿಕ್ಕಿತು.